ಕೈಯಿಂದ ಕೈಗೆ ಹೋಗದ ಪತ್ರಿಕೆ

2004ರಲ್ಲಿ ಅಮೆರಿಕದ ಅಂಕಣಕಾರ ಥಾಮಸ್ ಫ್ರೀಡ್‌ಮನ್ ಬೆಂಗಳೂರಿಗೆ ಬಂದಿದ್ದರು. ಹೊರಗುತ್ತಿಗೆಯ ಬಗ್ಗೆ ಟಿ.ವಿ. ಸಾಕ್ಷ್ಯಚಿತ್ರವೊಂದರ ಕೆಲಸ ನಡೆದಿತ್ತು. ಇನ್ಫೊಸಿಸ್ ಆವರಣದಲ್ಲಿ ನಂದನ್ ನಿಲೇಕಣಿ ಅವರ ಜೊತೆ ಮಾತಿಗೆ ಕೂತಾಗ, ಜಗತ್ತಿನ ಆಟದ ಮೈದಾನ ಎಲ್ಲರಿಗೂ ಸಮವಾಗುತ್ತಿದೆ ಎಂಬರ್ಥದ ಒಂದು ಮಾತು ನಿಲೇಕಣಿಯವರಿಂದ ಬಂತು. ಆ ಮಾತು ಫ್ರೀಡ್‌ಮನ್ ತಲೆಯಲ್ಲಿ ಕೂತು, ಮರುವರ್ಷ ‘ದಿ ವರ್ಲ್ಡ್ ಈಸ್ ಫ್ಲ್ಯಾಟ್’ ಎಂಬ ಪುಸ್ತಕವಾಗಿ ಹೊರಬಂತು. ಬೆಂಗಳೂರಿನ ಪುಸ್ತಕದಂಗಡಿಗಳಲ್ಲಿ ಅದನ್ನು ಕೊಂಡು ಓದಿದವರಿಗೆ ಲೆಕ್ಕವಿಲ್ಲ.

ಅದೇ 2005ರ ಸೆಪ್ಟೆಂಬರ್ 19ರಂದು ಫ್ರೀಡ್‌ಮನ್ ಬರೆಯುತ್ತಿದ್ದ ನ್ಯೂಯಾರ್ಕ್ ಟೈಮ್ಸ್ ಒಂದು ಹೊಸ ಏರ್ಪಾಡು ಮಾಡಿತು. ಜಾಲತಾಣದಲ್ಲಿ ಅಲ್ಲಿಯವರೆಗೆ ಯಾರು ಬೇಕಾದರೂ ಓದಬಹುದಾಗಿದ್ದ ಅಂಕಣಗಳನ್ನು ಇನ್ನು ಹಣ ಕೊಟ್ಟವರು ಮಾತ್ರ ಓದಬೇಕು. ಯೋಜನೆಗೆ ‘ಟೈಮ್ಸ್ ಸೆಲೆಕ್ಟ್’ ಎಂದು ಹೆಸರು. ವರ್ಷಕ್ಕೆ 49.95 ಡಾಲರ್; ಆಗಿನ ದರದಲ್ಲಿ 2 ಸಾವಿರ ರೂಪಾಯಿಗೂ ಮೇಲೆ. ದುಡ್ಡು ಇದ್ದರೂ ಸಾಲದು, ಡಾಲರ್‌ನಲ್ಲಿ ಪಾವತಿ ಮಾಡುವ ಕಾರ್ಡು ಬೇಕು. ಬೆಂಗಳೂರಿನ ಮಾತಿನಿಂದ ಪುಸ್ತಕ ಕಟ್ಟಿದ ಲೇಖಕನ ಮುಂದಿನ ಬರಹವನ್ನು ಬೆಂಗಳೂರಿನ ಸೈಬರ್ ಕೆಫೆಯಲ್ಲಿ ಕೂತು ಓದುವ ದಾರಿ ಮುಚ್ಚಿತು. ಈ ವ್ಯವಸ್ಥೆ ತಮಗೆ ಸ್ವಲ್ಪವೂ ಇಷ್ಟವಿಲ್ಲ, ಹೊರದೇಶದ, ಅದರಲ್ಲೂ ಭಾರತದ ಓದುಗರಿಂದ ತಮ್ಮನ್ನು ಇದು ದೂರ ಮಾಡಿದೆ ಎಂದು ಫ್ರೀಡ್‌ಮನ್ ಬಹಿರಂಗವಾಗಿಯೇ ನೊಂದು ಹೇಳಿದರು.

ಎರಡು ವರ್ಷ ತುಂಬುವಷ್ಟರಲ್ಲಿ ಪತ್ರಿಕೆ ಆ ಬೀಗ ತೆಗೆಯಿತು. ಯೋಜನೆ ಸೋತಿತ್ತು ಎನ್ನಲಾಗದು. 2,27,000 ಜನ ಹಣ ಕೊಟ್ಟಿದ್ದರು, ವರ್ಷಕ್ಕೆ ಸುಮಾರು ಒಂದು ಕೋಟಿ ಡಾಲರ್ ಬರುತ್ತಿತ್ತು. ಆದರೆ ಅಷ್ಟರಲ್ಲಿ ಜನ ಸುದ್ದಿ ಹುಡುಕುವ ರೀತಿಯೇ ಬದಲಾಗಿತ್ತು. ಪತ್ರಿಕೆಯ ಮುಖಪುಟಕ್ಕೆ ಬಾರದೆ, ಗೂಗಲ್‌ನಲ್ಲಿ ಹುಡುಕಿ ನೇರವಾಗಿ ಲೇಖನದ ಬಾಗಿಲಿಗೆ ಬರುವವರು ಹೆಚ್ಚಾಗಿದ್ದರು. ಹಾಗೆ ಬಂದವರು ಬೀಗ ನೋಡಿ ವಾಪಸ್ ಹೋಗುತ್ತಿದ್ದರು. ಅವರನ್ನೆಲ್ಲ ಒಳಗೆ ಬಿಟ್ಟು ಜಾಹೀರಾತು ತೋರಿಸಿದರೆ ಚಂದಾ ಹಣಕ್ಕಿಂತ ಹೆಚ್ಚು ಬರುತ್ತದೆ ಎಂಬುದು ಅಂದಿನ ಲೆಕ್ಕಾಚಾರ.

ಈ ಪ್ರಸಂಗವನ್ನು ಮೊದಲಿಗೇ ಹೇಳಲು ಕಾರಣವಿದೆ. ಪೇವಾಲ್, ಅಂದರೆ ಹಣ ಕೊಟ್ಟವರಿಗಷ್ಟೇ ತೆರೆಯುವ ಇಂಥ ಗೋಡೆ, ಎಂದ ಕೂಡಲೇ ಚರ್ಚೆ ಓದುಗನ ಜೇಬಿನ ಕಡೆಗೆ ಹೊರಳುತ್ತದೆ, ಇಲ್ಲವೇ ಮಾಲೀಕನ ಗಲ್ಲಾಪೆಟ್ಟಿಗೆಯ ಕಡೆಗೆ. ಫ್ರೀಡ್‌ಮನ್ ಅವರ ಸಂಕಟ ಬೇರೆಯದು. ತಾನು ಬರೆದದ್ದು ಓದಬೇಕಾದವರನ್ನು ಮುಟ್ಟುತ್ತಿಲ್ಲ ಎಂಬ ಸಂಕಟ ಅದು. ಪತ್ರಿಕೆಗೆ ಇರುವ ಬಲವೆಲ್ಲ ಆ ಮುಟ್ಟುವುದರಲ್ಲೇ ಇದೆ ಎಂದು ನಾನು ನಂಬಿದ್ದೇನೆ.

ಒಂದು ಪ್ರತಿ, ನಲವತ್ತು ಓದುಗರು

ಪತ್ರಿಕೆಗೆ ಬೆಲೆ ಯಾವತ್ತೂ ಇತ್ತು. ಸುದ್ದಿ ಪುಕ್ಕಟೆ ಸಿಗಬೇಕೆಂಬುದು ಇಂಟರ್ನೆಟ್ ಬಂದ ಮೇಲೆ ಹತ್ತಿಪ್ಪತ್ತು ವರ್ಷ ನಮಗೆ ಅಂಟಿಕೊಂಡ ಅಭ್ಯಾಸ ಅಷ್ಟೇ. ಹಾಗಿದ್ದರೂ ಹಳೆಯ ಬೆಲೆಗೂ ಇಂದಿನ ಬೀಗಕ್ಕೂ ದೊಡ್ಡ ವ್ಯತ್ಯಾಸವಿದೆ.

ನಾನು ಪತ್ರಿಕೆ ಓದಲು ಕಲಿತದ್ದು ನಮ್ಮ ಹೋಬಳಿಯ ಬಸ್‌ಸ್ಟ್ಯಾಂಡ್ ಪಕ್ಕದ ಹೋಟೆಲಿನ ಬೆಂಚಿನ ಮೇಲೆ. ಬೆಳಗಿನ ಮೊದಲ ಬಸ್ಸಿಗೆ ಬಂಡಲ್ ಬರುತ್ತಿತ್ತು. ಹೋಟೆಲಿನವರು ತರಿಸುತ್ತಿದ್ದದ್ದು ಒಂದೇ ಪ್ರತಿ. ಬೆಂಚು ಮುಟ್ಟಿದ ಕೂಡಲೇ ಅದು ಹಾಳೆ ಹಾಳೆಯಾಗಿ ಬಿಡಿಯಾಗುತ್ತಿತ್ತು. ಮುಖಪುಟ ಒಬ್ಬರಿಗೆ, ಜಿಲ್ಲಾ ಪುಟ ಇನ್ನೊಬ್ಬರಿಗೆ, ಕ್ರೀಡಾ ಪುಟಕ್ಕೆ ನಮ್ಮಂಥ ಹುಡುಗರ ಪಾಳಿ. ಅಕ್ಷರ ಬಾರದ ಹಿರಿಯರೊಬ್ಬರು ‘ಕೊಬ್ರಿ ರೇಟು ಎಷ್ಟ್ ಹಾಕವ್ರೆ ನೋಡೋ ಮಗ’ ಎಂದು ತಿಪಟೂರು ಮಾರುಕಟ್ಟೆಯ ಧಾರಣೆ ಓದಿಸಿಕೊಂಡು, ಕಾಫಿ ಕುಡಿದು ಎದ್ದು ಹೋಗುತ್ತಿದ್ದರು. ಮಧ್ಯಾಹ್ನ ಅದೇ ಪತ್ರಿಕೆ ಕ್ಷೌರದಂಗಡಿಗೆ ಹೋಗುತ್ತಿತ್ತು. ರದ್ದಿಯಾದ ಮೇಲೂ ಅದರ ಆಯುಸ್ಸು ಮುಗಿಯುತ್ತಿರಲಿಲ್ಲ. ಬೋಂಡ ಕಟ್ಟಿಕೊಟ್ಟ ತುಂಡಿನಲ್ಲಿ ಅರ್ಧ ಸುದ್ದಿ ಓದಿ, ಮಿಕ್ಕರ್ಧ ಏನಿದ್ದೀತು ಎಂದು ಯೋಚಿಸುತ್ತಾ ಮನೆ ಸೇರಿದ್ದು ನೆನಪಿದೆ. ಒಬ್ಬರು ಕೊಟ್ಟ ಕಾಸಿಗೆ ಮೂವತ್ತು ನಲವತ್ತು ಜನ ಓದುತ್ತಿದ್ದರು.

ಇದು ಪತ್ರಿಕೆ ನಡೆಸುವವರಿಗೆ ತಿಳಿಯದ ಸಂಗತಿಯಲ್ಲ. ನಮ್ಮಲ್ಲಿ 1948ರಿಂದ ಇರುವ ಆಡಿಟ್ ಬ್ಯೂರೊ ಆಫ್ ಸರ್ಕ್ಯುಲೇಷನ್ಸ್ ಎಣಿಸುವುದು ಮಾರಾಟವಾದ ಪ್ರತಿಗಳನ್ನು. ಇಂಡಿಯನ್ ರೀಡರ್‌ಶಿಪ್ ಸರ್ವೆ ಎಣಿಸುತ್ತಿದ್ದದ್ದು ಓದಿದ ಜನರನ್ನು. ಪ್ರಸಾರ ಸಂಖ್ಯೆಗಿಂತ ಓದುಗರ ಸಂಖ್ಯೆ ಯಾವಾಗಲೂ ಹಲವು ಪಟ್ಟು ದೊಡ್ಡದು. ಜಾಹೀರಾತಿನ ದರ ಕುದುರಿಸುವಾಗ ಪತ್ರಿಕೆಯವರು ಮುಂದಿಡುತ್ತಿದ್ದದ್ದು ಆ ದೊಡ್ಡ ಸಂಖ್ಯೆಯನ್ನು. ಅಂದರೆ ಹೋಟೆಲಿನ ಬೆಂಚಿನ ಮೇಲೆ ಕಾಸು ಕೊಡದೆ ಓದಿದವನೂ ಪತ್ರಿಕೆಗೆ ಲಾಭವೇ ಆಗಿದ್ದ. ಸೋಪಿನ ಕಂಪನಿ, ಗೊಬ್ಬರದ ಕಂಪನಿ ಅವನ ಕಣ್ಣಿಗಾಗಿಯೇ ದುಡ್ಡು ಕೊಡುತ್ತಿತ್ತು. ಸರ್ಕಾರವೂ ಹೆದರುತ್ತಿದ್ದದ್ದು ಇಂಥ ಓದುಗನಿಗೆ. ವಿಧಾನಸಭೆಯಲ್ಲಿ ಪತ್ರಿಕೆಯ ಪ್ರತಿಯನ್ನು ಎತ್ತಿ ಹಿಡಿದು ಮಾತನಾಡುವ ಶಾಸಕನಿಗೆ, ಅದನ್ನು ಕೊಂಡವರು ಎಷ್ಟು ಮಂದಿ ಎನ್ನುವುದಕ್ಕಿಂತ ತನ್ನ ಕ್ಷೇತ್ರದ ಬೆಂಚುಗಳ ಮೇಲೆ ಅದು ಓದಿಸಿಕೊಂಡಿದೆ ಎಂಬುದು ಮುಖ್ಯವಾಗಿತ್ತು.

ಚಂದಾ ಹಣವೊಂದನ್ನೇ ನಂಬಿದ ಜಾಲತಾಣದಲ್ಲಿ ಈ ಎರವಲು ಓದುಗನ ಸ್ಥಾನ ತಲೆಕೆಳಗಾಗುತ್ತದೆ. ಅವನಿಂದ ಇಲ್ಲಿ ನಷ್ಟ. ಲಾಗಿನ್ ಹಂಚಿಕೊಂಡವನು, ಪಿಡಿಎಫ್ ಕಳಿಸಿದವನು, ಗೆಳೆಯನ ಫೋನಿನಲ್ಲಿ ಇಣುಕಿದವನು ಎಲ್ಲರೂ ತಡೆಯಬೇಕಾದವರು. ಪೇವಾಲ್‌ನಿಂದ ಆಗುವ ಬದಲಾವಣೆಗಳಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು ಇದೇ. ಹಣ ಕೊಡುವವನ ಮೇಲೆ ಹೊರೆ ಬೀಳುವುದಕ್ಕಿಂತ, ಕೊಟ್ಟವನು ಇನ್ನೊಬ್ಬನಿಗೆ ದಾಟಿಸಲಾಗದೆ ಹೋಗುವುದು.

ಹಾಗಿದ್ದರೆ ಪತ್ರಿಕೆಗಳು ಯಾಕೆ ಬೀಗ ಹಾಕಿದವು? ದುರಾಸೆಯಿಂದ ಎನ್ನುವವರಿದ್ದಾರೆ; ನಾನು ಒಪ್ಪುವುದಿಲ್ಲ. 2005ರಲ್ಲಿ ಅಮೆರಿಕದ ಪತ್ರಿಕೆಗಳ ಒಟ್ಟು ಜಾಹೀರಾತು ಆದಾಯ ಸುಮಾರು 4,900 ಕೋಟಿ ಡಾಲರ್ ಇತ್ತು. 2022ರ ಹೊತ್ತಿಗೆ ಅದು 1,000 ಕೋಟಿ ಡಾಲರ್ ಆಸುಪಾಸಿಗೆ ಇಳಿದಿತ್ತು. ಜಾಹೀರಾತು ನಿಲ್ಲಲಿಲ್ಲ, ಗೂಗಲ್ ಮತ್ತು ಫೇಸ್‌ಬುಕ್ ಕಡೆಗೆ ಹರಿಯಿತು. ಜಾಹೀರಾತು ವರಮಾನದಲ್ಲಿ ಐದರಲ್ಲಿ ನಾಲ್ಕು ಪಾಲು ಕಳೆದುಕೊಂಡ ಮನೆ ಏನಾದರೂ ಮಾಡಲೇಬೇಕಿತ್ತು.

ಲಂಡನ್ನಿನ ಗೋಡೆ

2010ರ ಜುಲೈ 2ರಂದು ಲಂಡನ್ನಿನ ‘ದಿ ಟೈಮ್ಸ್’ ಎಲ್ಲರಿಗಿಂತ ಎತ್ತರದ ಗೋಡೆ ಕಟ್ಟಿತು. ದಿನಕ್ಕೆ ಒಂದು ಪೌಂಡ್, ವಾರಕ್ಕೆ ಎರಡು ಪೌಂಡ್. ಕೊಡದವರಿಗೆ ಲೇಖನದ ಒಂದು ಸಾಲೂ ಇಲ್ಲ. ಗೂಗಲ್‌ನಲ್ಲಿ ಹುಡುಕಿದರೂ ಅದರ ಬರಹಗಳು ಸಿಗದಂತೆ ಮಾಡಲಾಯಿತು. ಜಾಲತಾಣಕ್ಕೆ ಬರುವವರ ಸಂಖ್ಯೆ ನೋಡನೋಡುತ್ತಿದ್ದಂತೆ ಕುಸಿಯಿತು. ‘ದಿ ಗಾರ್ಡಿಯನ್’ ಸಂಪಾದಕರಾಗಿದ್ದ ಅಲನ್ ರಸ್‌ಬ್ರಿಜರ್ ಅದೇ ವರ್ಷದ ಜನವರಿಯಲ್ಲಿ ಒಂದು ಉಪನ್ಯಾಸದಲ್ಲಿ, ಗೋಡೆಯೊಳಗೆ ಸರಿದ ಪತ್ರಿಕೆ ಜಗತ್ತಿನ ಮಾತುಕತೆಯಿಂದಲೇ ಹೊರಗುಳಿಯುತ್ತದೆ ಎಂಬ ಆತಂಕ ಮುಂದಿಟ್ಟಿದ್ದರು.

ಮಾತುಕತೆಯಿಂದ ಹೊರಗುಳಿಯಿತೇ? ಇಲ್ಲಿ ಆಂಡ್ರ್ಯೂ ನಾರ್ಫೋಕ್ ಅವರನ್ನು ನೆನೆಯಬೇಕು. ಅವರು ಆಗ ಲೀಡ್ಸ್‌ನಲ್ಲಿ ‘ದಿ ಟೈಮ್ಸ್’ ವರದಿಗಾರರಾಗಿದ್ದರು. ಗೋಡೆ ಎದ್ದು ಆರು ತಿಂಗಳಿಗೆ, 2011ರ ಜನವರಿಯಲ್ಲಿ, ಉತ್ತರ ಇಂಗ್ಲೆಂಡಿನ ಊರುಗಳಲ್ಲಿ ಗುಂಪುಗಳು ಎಳೆಯ ಹುಡುಗಿಯರನ್ನು ಬಲೆಗೆ ಕೆಡವಿ ಲೈಂಗಿಕವಾಗಿ ಶೋಷಿಸುತ್ತಿರುವುದನ್ನು, ಅಧಿಕಾರಿಗಳು ಕಂಡೂ ಕಾಣದಂತಿರುವುದನ್ನು ಅವರು ಮುಖಪುಟದಲ್ಲಿ ಬರೆದರು. ಬರೆದು ಸುಮ್ಮನಾಗಲಿಲ್ಲ. ಮುಂದಿನ ನಾಲ್ಕು ವರ್ಷ ಬೆನ್ನು ಹತ್ತಿದರು. 2012ರಲ್ಲಿ ರಾದರ್‌ಹ್ಯಾಮ್ ಎಂಬ ಊರಿನ ಪೊಲೀಸರ, ನಗರಾಡಳಿತದ ಗುಪ್ತ ಕಡತಗಳನ್ನು ಹೊರಗೆಳೆದರು. ಸಂಸತ್ತಿನ ಗೃಹ ವ್ಯವಹಾರಗಳ ಸಮಿತಿ ವಿಚಾರಣೆಗೆ ಕೂತಿತು. ಕೊನೆಗೆ ಸ್ವತಂತ್ರ ತನಿಖೆಯಾಗಿ, 2014ರ ಆಗಸ್ಟ್‌ನಲ್ಲಿ ಅಲೆಕ್ಸಿಸ್ ಜೇ ಅವರ ವರದಿ ಬಂತು. 1997ರಿಂದ 2013ರವರೆಗೆ ಆ ಒಂದೇ ಊರಿನಲ್ಲಿ ಕಡಿಮೆಯೆಂದರೂ 1,400 ಮಕ್ಕಳು ಶೋಷಣೆಗೆ ಒಳಗಾಗಿದ್ದರು ಎಂದು ಅದು ಹೇಳಿತು. ನಗರಾಡಳಿತದ ಮುಖ್ಯಸ್ಥ ಅಂದೇ ರಾಜೀನಾಮೆ ಕೊಟ್ಟರು. ಮರುವರ್ಷ ಸರ್ಕಾರ ಆಡಳಿತವನ್ನೇ ತನ್ನ ಆಯುಕ್ತರ ಕೈಗೆ ತೆಗೆದುಕೊಂಡಿತು.

ಬ್ರಿಟನ್ನಿನ ಈ ಕಾಲದ ಅತಿ ಪರಿಣಾಮಕಾರಿ ವರದಿಗಳಲ್ಲಿ ಒಂದು ಹೀಗೆ ಎತ್ತರದ ಗೋಡೆಯ ಹಿಂದಿನಿಂದಲೇ ಬಂತು. ಆದ್ದರಿಂದ ಪೇವಾಲ್ ಹಾಕಿದರೆ ಪತ್ರಿಕೆಯ ಪ್ರಭಾವ ಸತ್ತೇ ಹೋಗುತ್ತದೆ ಎನ್ನುವುದು ಅರ್ಧ ಸುಳ್ಳು. ಮಂತ್ರಿಗಳ ಕಚೇರಿಯಲ್ಲಿ, ಸಂಸದರ ಮೇಜಿನ ಮೇಲೆ, ಬಿಬಿಸಿಯ ಸುದ್ದಿಮನೆಯಲ್ಲಿ ಪತ್ರಿಕೆ ಇದ್ದೇ ಇರುತ್ತದೆ. ಅಲ್ಲಿಂದ ಸುದ್ದಿ ರೇಡಿಯೊಗೆ, ಟಿ.ವಿ.ಗೆ, ಬೇರೆ ಪತ್ರಿಕೆಗಳಿಗೆ ಹಬ್ಬುತ್ತದೆ. ಇದಕ್ಕಿಂತ ದೊಡ್ಡ ಸತ್ಯ ಇನ್ನೊಂದಿದೆ. ಒಬ್ಬ ವರದಿಗಾರನನ್ನು ಒಂದೇ ವಿಷಯದ ಮೇಲೆ ವರ್ಷಗಟ್ಟಲೆ ಬಿಡಲು ಹಣ ಬೇಕು. ಕ್ಲಿಕ್‌ಗಳನ್ನು ಎಣಿಸಿ ಬದುಕುವ ಸುದ್ದಿಮನೆ ನಾಲ್ಕು ವರ್ಷ ಕಾಯುವುದಿಲ್ಲ, ನಾಲ್ಕು ದಿನವೂ ಕಾಯುವುದಿಲ್ಲ.

ಉಳಿದರ್ಧ ಸತ್ಯ ನನ್ನನ್ನು ಕಾಡುತ್ತದೆ. ಅಧಿಕಾರದಲ್ಲಿ ಇರುವವರನ್ನು ಆ ವರದಿ ನೇರವಾಗಿ ಮುಟ್ಟಿತು. ಆದರೆ ಅಂಥದೇ ಊರಿನಲ್ಲಿ, ತನ್ನ ಮಗಳ ನಡವಳಿಕೆ ಯಾಕೋ ಬದಲಾಗಿದೆ ಎಂದು ಕಂಗಾಲಾದ ತಾಯಿಯೊಬ್ಬಳು ರಾತ್ರಿ ಕೂತು ಇಂಟರ್ನೆಟ್‌ನಲ್ಲಿ ಹುಡುಕಿದ್ದರೆ ಆ ಮೂಲ ವರದಿ ಅವಳಿಗೆ ಸಿಗುತ್ತಿರಲಿಲ್ಲ. ಯಾರೋ ಬರೆದದ್ದನ್ನು ಇನ್ಯಾರೋ ಎರಡು ಸಾಲಿಗೆ ಇಳಿಸಿದ್ದು, ಅದಕ್ಕೆ ಮತ್ಯಾರೋ ತಮ್ಮ ದ್ವೇಷ ಬೆರೆಸಿದ್ದು ಸಿಗುತ್ತಿತ್ತು. ಆಧಾರ ಸಮೇತ ಬರೆದ ವರದಿ ಒಳಗೆ, ಅದರ ತಿರುಚಿದ ನೆರಳು ಹೊರಗೆ. ವಾಟ್ಸ್‌ಆ್ಯಪ್ ಬಂದ ಮೇಲೆ ಇದು ನಮ್ಮೆಲ್ಲರ ಅನುಭವ. ಬೀಗ ಹಾಕಿದ ಸುದ್ದಿಯ ತಲೆಬರಹದ ಸ್ಕ್ರೀನ್‌ಶಾಟ್ ಮಾತ್ರ ಊರು ಸುತ್ತುತ್ತದೆ. ಒಳಗೆ ಏನಿದೆ ಎಂದು ನೋಡಿದವರು ಯಾರೂ ಇರುವುದಿಲ್ಲ, ಅಭಿಪ್ರಾಯ ಎಲ್ಲರಿಗೂ ಇರುತ್ತದೆ.

‘ದಿ ಟೈಮ್ಸ್’ ಮಾಲೀಕರದ್ದೇ ಆದ ‘ದಿ ಸನ್’ 2013ರ ಆಗಸ್ಟ್‌ನಲ್ಲಿ ಗೋಡೆ ಕಟ್ಟಿ 2015ರ ನವೆಂಬರ್ ಕೊನೆಗೆ ಕೆಡವಿತು. ಜನಸಾಮಾನ್ಯರ ಪತ್ರಿಕೆಗೆ ಜನಸಂಖ್ಯೆಯೇ ಬಲ. ಪುಕ್ಕಟೆ ಓದಿಸುವ ‘ಮೇಲ್ ಆನ್‌ಲೈನ್’ ಎದುರು ಅದಕ್ಕೆ ಗೋಡೆಯೊಳಗೆ ಕೂತಿರಲು ಆಗಲಿಲ್ಲ.

ಸೋರುವ ಗೋಡೆ

ನ್ಯೂಯಾರ್ಕ್ ಟೈಮ್ಸ್ ಹಳೆಯ ಪಾಠ ಮರೆಯದೆ 2011ರ ಮಾರ್ಚ್‌ನಲ್ಲಿ ಇನ್ನೊಂದು ಬಗೆಯ ಗೋಡೆ ಕಟ್ಟಿತು. ವಿದ್ಯುತ್ ಮೀಟರಿನ ಹಾಗೆ ಇದು ಓದನ್ನು ಎಣಿಸುತ್ತಿತ್ತು. ತಿಂಗಳಿಗೆ 20 ಲೇಖನ ಯಾರು ಬೇಕಾದರೂ ಓದಬಹುದಿತ್ತು, ಇಪ್ಪತ್ತೊಂದನೆಯದಕ್ಕೆ ಹಣ. ಫೇಸ್‌ಬುಕ್, ಟ್ವಿಟರ್‌ನಲ್ಲಿ ಯಾರಾದರೂ ಹಂಚಿದ ಕೊಂಡಿ ಒತ್ತಿ ಬಂದವರನ್ನು ಎಣಿಕೆ ಮುಗಿದಿದ್ದರೂ ಒಳಗೆ ಬಿಡುತ್ತಿದ್ದರು. ಬೇಕೆಂದೇ ಸೋರುವಂತೆ ಕಟ್ಟಿದ ಗೋಡೆ ಅದು. ದಿನವೂ ಓದುವವನಿಂದ ಹಣ, ದಾರಿಹೋಕನಿಗೆ ಒಂದು ಲೋಟ ನೀರು.

ಅಂದು ಗೂಗಲ್‌ನ ನಿಯಮವೂ ಇದಕ್ಕೆ ಪೂರಕವಾಗಿತ್ತು. ಹುಡುಕಾಟದ ಫಲಿತಾಂಶದಲ್ಲಿ ಸರಿಯಾಗಿ ಕಾಣಿಸಿಕೊಳ್ಳಬೇಕಾದರೆ, ಅಲ್ಲಿಂದ ಬರುವ ಓದುಗನಿಗೆ ದಿನಕ್ಕೆ ಕೆಲವು ಲೇಖನಗಳನ್ನಾದರೂ ಪುಕ್ಕಟೆ ಕೊಡಬೇಕಿತ್ತು. 2017ರ ಅಕ್ಟೋಬರ್‌ನಲ್ಲಿ ಗೂಗಲ್ ಆ ಷರತ್ತು ತೆಗೆಯಿತು. ಗೋಡೆಯ ಬಿರುಕುಗಳೂ ಒಂದೊಂದಾಗಿ ಮುಚ್ಚತೊಡಗಿದವು. ನ್ಯೂಯಾರ್ಕ್ ಟೈಮ್ಸ್‌ನ ತಿಂಗಳ 20 ಲೇಖನ 2012ರಲ್ಲಿ 10 ಆಗಿತ್ತು, 2017ರ ಕೊನೆಗೆ 5 ಆಯಿತು. ಈಗಂತೂ ಬಹಳಷ್ಟು ಪತ್ರಿಕೆಗಳಲ್ಲಿ ಎಣಿಕೆಯನ್ನು ಸಾಫ್ಟ್‌ವೇರ್‌ಗೇ ಬಿಟ್ಟಿದ್ದಾರೆ. ನೀವು ಎಲ್ಲಿಂದ ಬಂದಿರಿ, ಯಾವ ಫೋನಿನಲ್ಲಿ, ಎಷ್ಟು ಸಲ ಬಂದಿರಿ ಎಂದು ಅದು ಲೆಕ್ಕ ಹಾಕಿ, ದುಡ್ಡು ಕೊಡಬಹುದು ಎನ್ನಿಸಿದವರ ಎದುರು ಬಾಗಿಲು ಹಾಕುತ್ತದೆ.

ಹಣದ ಲೆಕ್ಕದಲ್ಲಿ ನ್ಯೂಯಾರ್ಕ್ ಟೈಮ್ಸ್ ಗೆದ್ದಿತು. 2012ರಲ್ಲಿ ಮೊದಲ ಬಾರಿಗೆ ಓದುಗರಿಂದ ಬಂದ ಹಣ ಜಾಹೀರಾತಿನ ಹಣವನ್ನು ಮೀರಿತು. 2024ರ ಕೊನೆಗೆ ಚಂದಾದಾರರು 1 ಕೋಟಿ 10 ಲಕ್ಷ ದಾಟಿದರು. ಆದರೆ ಇವರಲ್ಲಿ ಪದಬಂಧ, ‘ವರ್ಡಲ್’ನಂಥ ಆಟ, ಅಡುಗೆ, ಕ್ರೀಡೆಗೆಂದು ಚಂದಾ ಕೊಟ್ಟವರೂ ಇದ್ದಾರೆ. ಗಂಭೀರ ವರದಿಯ ಖರ್ಚನ್ನು ಹಿಂದೆ ಜಾಹೀರಾತು ಹೊರುತ್ತಿತ್ತು, ಈಗ ಆಟ ಮತ್ತು ಅಡುಗೆಯೂ ಹೆಗಲು ಕೊಟ್ಟಿವೆ. ಇದರಲ್ಲಿ ತಪ್ಪೇನೂ ಇಲ್ಲ. ನಮ್ಮ ಅಜ್ಜಿಯೂ ಪತ್ರಿಕೆ ತೆರೆಯುತ್ತಿದ್ದದ್ದು ಪಂಚಾಂಗಕ್ಕಾಗಿ.

ಸಣ್ಣ ಪತ್ರಿಕೆಗಳ ಕಥೆ ಹಾಗಿಲ್ಲ. ಅಮೆರಿಕದ ಗ್ಯಾನೆಟ್ ಸಂಸ್ಥೆಯ ಮೂರು ಸ್ಥಳೀಯ ಪತ್ರಿಕೆಗಳು ಗೋಡೆ ಕಟ್ಟಿದಾಗ ಏನಾಯಿತೆಂದು ಅರ್ಥಶಾಸ್ತ್ರಜ್ಞೆಯರಾದ ಲೆಸ್ಲಿ ಚಿಯೊ ಮತ್ತು ಕ್ಯಾಥರಿನ್ ಟಕರ್ ಅಭ್ಯಾಸ ಮಾಡಿದ್ದರು. ಜಾಲತಾಣಕ್ಕೆ ಬರುವವರು ಅರ್ಧದಷ್ಟು ಕಡಿಮೆಯಾಗಿದ್ದರು, ಅದರಲ್ಲೂ ಎಳೆಯ ವಯಸ್ಸಿನವರು ಹೆಚ್ಚು ಬಿಟ್ಟುಹೋಗಿದ್ದರು. ಆಕ್ಸ್‌ಫರ್ಡಿನ ರಾಯಿಟರ್ಸ್ ಇನ್‌ಸ್ಟಿಟ್ಯೂಟ್ 2024ರ ವರದಿಯಲ್ಲಿ ಹೇಳಿದಂತೆ, 20 ಅನುಕೂಲಸ್ಥ ದೇಶಗಳಲ್ಲಿ ಆನ್‌ಲೈನ್ ಸುದ್ದಿಗೆ ಏನಾದರೂ ಹಣ ಕೊಡುವವರು ನೂರಕ್ಕೆ 17 ಮಂದಿ. ಕೊಡುವವರಲ್ಲೂ ಬಹುಪಾಲು ಜನ ಒಂದಕ್ಕೆ ಮಾತ್ರ ಕೊಡುತ್ತಾರೆ. ಆ ಒಂದು ಸ್ಥಾನವನ್ನು ದೊಡ್ಡ ಹೆಸರಿನ ಪತ್ರಿಕೆ ಹಿಡಿದುಕೊಂಡರೆ, ಊರಿನ ಪುರಸಭೆಯ ಸಭೆಗೆ ವರದಿಗಾರನನ್ನು ಕಳಿಸುವ ಪತ್ರಿಕೆಗೆ ಏನು ಉಳಿಯುತ್ತದೆ?

ಓದುಗನೇ ಅನ್ನದಾತನಾದಾಗ ಪ್ರಭಾವದ ಹರಿವು ಹಿಮ್ಮುಖವಾಗುವುದೂ ಉಂಟು. 2024ರ ಅಕ್ಟೋಬರ್‌ನಲ್ಲಿ, ಅಧ್ಯಕ್ಷೀಯ ಚುನಾವಣೆಗೆ ದಿನಗಳಿರುವಾಗ, ಯಾವ ಅಭ್ಯರ್ಥಿಯನ್ನೂ ಬೆಂಬಲಿಸುವುದಿಲ್ಲ ಎಂದು ವಾಷಿಂಗ್ಟನ್ ಪೋಸ್ಟ್ ಪ್ರಕಟಿಸಿತು. ಕೆಲವೇ ದಿನಗಳಲ್ಲಿ ಎರಡೂವರೆ ಲಕ್ಷ ಜನ ಚಂದಾ ರದ್ದು ಮಾಡಿದರು. ಮಾಲೀಕನ ನಿರ್ಧಾರಕ್ಕೆ ಓದುಗರು ಕೊಟ್ಟ ಉತ್ತರ ಅದು, ಆ ಹಕ್ಕು ಅವರಿಗಿದೆ. ಆದರೆ ಆ ಚಂದಾ ಹಣದಿಂದ ಸಂಬಳ ಪಡೆಯುತ್ತಿದ್ದ ವರದಿಗಾರರು ಆ ನಿರ್ಧಾರ ಮಾಡಿದವರಾಗಿರಲಿಲ್ಲ. ಹಣ ಕೊಡುವವರು ಒಂದೇ ಮನೋಧರ್ಮದವರಾದಷ್ಟೂ ಅವರಿಗೆ ಹಿಡಿಸದ ಸತ್ಯ ಬರೆಯುವ ಧೈರ್ಯ ಕುಗ್ಗುತ್ತದೆ. ಜಾಹೀರಾತುದಾರನ ಹಂಗು ಹೋದ ಜಾಗದಲ್ಲಿ ಅಭಿಮಾನಿಯ ಹಂಗು ಬಂದು ಕೂರುವುದು ನನಗಂತೂ ನೆಮ್ಮದಿಯ ವಿಷಯವಾಗಿ ಕಾಣುವುದಿಲ್ಲ.

ಕನ್ನಡದ ಮನೆಯಲ್ಲಿ

ನಮ್ಮ ದೇಶದಲ್ಲಿ ‘ದಿ ಹಿಂದೂ’ 2019ರಲ್ಲಿ ತನ್ನ ಜಾಲತಾಣಕ್ಕೆ ಚಂದಾ ತಂದಿತು. ಬೆಂಗಳೂರಿನಲ್ಲೇ 2016ರಲ್ಲಿ ಹುಟ್ಟಿದ ‘ದಿ ಕೆನ್’ ಆರಂಭದಿಂದಲೂ ಚಂದಾ ನಂಬಿ ಬದುಕಿದೆ, ಉದ್ಯಮ ಜಗತ್ತಿನ ಬಗ್ಗೆ ಆಳವಾದ ಬರಹ ಕೊಡುತ್ತದೆ. ಇವೆಲ್ಲ ಇಂಗ್ಲಿಷಿನವು. ಕನ್ನಡದ ಸುದ್ದಿ ಜಾಲತಾಣಗಳು ಹೆಚ್ಚಾಗಿ ತೆರೆದೇ ಇವೆ. ಇದರಿಂದ ಓದುಗನಿಗೆ ಅನುಕೂಲ ಎನ್ನಿಸಬಹುದು. ಬೆಲೆಯನ್ನು ಅವನು ಬೇರೆ ರೂಪದಲ್ಲಿ ಕೊಡುತ್ತಿದ್ದಾನೆ. ‘ಈ ನಟಿ ಮಾಡಿದ್ದೇನು ಗೊತ್ತೇ’ ಎಂಬ ತಲೆಬರಹಗಳ ನಡುವೆ ಅಂತರ್ಜಲದ ಸುದ್ದಿಯನ್ನು ಹುಡುಕಿಕೊಳ್ಳಬೇಕು. ಕ್ಲಿಕ್‌ಗೆ ಪೈಸೆ ಲೆಕ್ಕದಲ್ಲಿ ಬರುವ ಜಾಹೀರಾತಿನಿಂದ ತಾಲ್ಲೂಕು ವರದಿಗಾರನಿಗೆ ಮರ್ಯಾದೆಯ ಸಂಬಳ ಕೊಡಲಾಗುವುದಿಲ್ಲ. ತನ್ನ ಬೈಕಿಗೆ ತಾನೇ ಪೆಟ್ರೋಲ್ ಹಾಕಿಸಿಕೊಂಡು ಗ್ರಾಮಸಭೆಗೆ ಹೋಗಿ ಬರುವ ಅರೆಕಾಲಿಕ ವರದಿಗಾರರನ್ನು ನಾನು ಬಲ್ಲೆ. ಅವರ ಸುದ್ದಿಗೆ ಜಾಲತಾಣದಲ್ಲಿ ಎಂಬತ್ತು ಕ್ಲಿಕ್ ಬಂದರೆ ಹೆಚ್ಚು. ಆ ಎಂಬತ್ತು ಜನರ ಮನೆಯ ನಲ್ಲಿಗೆ ನೀರು ಬರುವುದು ಬಿಡುವುದು ಆ ಸುದ್ದಿಯ ಮೇಲೆ ನಿಂತಿರುತ್ತದೆ.

ಓದುಗ ಹಣ ಕೊಡುವುದು ಕನ್ನಡಕ್ಕೆ ಹೊಸದಲ್ಲ. 1980ರಲ್ಲಿ ಪಿ. ಲಂಕೇಶ್ ಆರಂಭಿಸಿದ ವಾರಪತ್ರಿಕೆ ಜಾಹೀರಾತು ಪಡೆಯದೆ, ಓದುಗರು ಕೊಟ್ಟ ಬೆಲೆಯಲ್ಲೇ ನಡೆಯಿತು. ಗುಂಡೂರಾವ್ ಸರ್ಕಾರವನ್ನು ಅದು ವಾರ ವಾರ ಎದುರು ಹಾಕಿಕೊಂಡು ಬರೆಯಿತು. 1983ರ ಚುನಾವಣೆಯಲ್ಲಿ ಆ ಸರ್ಕಾರ ಸೋತದ್ದರಲ್ಲಿ ಅದರ ಪಾಲೂ ಇತ್ತೆಂದು ನಂಬುವವರು ಇಂದಿಗೂ ಇದ್ದಾರೆ. ಅದರ ಬಲ ಎರಡು ಕಾಲಿನ ಮೇಲೆ ನಿಂತಿತ್ತು. ಕೊಂಡವರ ಕಾಸಿನಿಂದ ಅದಕ್ಕೆ ಯಾರ ಮುಲಾಜೂ ಇರಲಿಲ್ಲ. ಕೊಳ್ಳದವರ ಕೈಗೂ ಅದು ಹೋಗುತ್ತಿತ್ತು, ಹಾಸ್ಟೆಲಿನ ಒಂದು ಕೋಣೆಗೆ ಬಂದ ಪ್ರತಿ ಇಡೀ ಹಾಸ್ಟೆಲ್ ಸುತ್ತುತ್ತಿತ್ತು. ಒಂದು ಕಾಲು ಕಡಿದಿದ್ದರೂ ಅದು ಹಾಗೆ ನಡೆಯುತ್ತಿರಲಿಲ್ಲ.

ಇನ್ನೂ ಹಿಂದೆ ಹೋದರೆ ಗಾಂಧೀಜಿ ಸಿಗುತ್ತಾರೆ. ದಕ್ಷಿಣ ಆಫ್ರಿಕಾದಲ್ಲಿ 1903ರಲ್ಲಿ ಶುರುವಾದ ‘ಇಂಡಿಯನ್ ಒಪಿನಿಯನ್’ ಪತ್ರಿಕೆಗೆ ಜಾಹೀರಾತು ಬೇಡವೆಂದು ಅವರು ಕ್ರಮೇಣ ನಿಲ್ಲಿಸಿದರು. ಚಂದಾದಾರರಿಂದಲೇ ಅದು ಬದುಕಬೇಕೆಂದು ಹಟ ಹಿಡಿದರು. ಅದೇ ಗಾಂಧೀಜಿ 1910ರಲ್ಲಿ ‘ಹಿಂದ್ ಸ್ವರಾಜ್’ ಇಂಗ್ಲಿಷ್ ಆವೃತ್ತಿಯನ್ನು ಯಾವ ಹಕ್ಕನ್ನೂ ಕಾಯ್ದಿರಿಸಿಲ್ಲ ಎಂದು ಅಚ್ಚು ಹಾಕಿಸಿ ಹೊರತಂದರು. ಖರ್ಚು ಓದುಗ ಹೊರಲಿ, ಮಾತು ಯಾರ ಕೈಗಾದರೂ ಹೋಗಲಿ. ಈ ಎರಡೂ ಒಟ್ಟಿಗೆ ಸಾಧ್ಯ ಎಂದು ನೂರು ವರ್ಷದ ಹಿಂದೆಯೇ ಮಾಡಿ ತೋರಿಸಿದವರು ಅವರು.

2020ರ ಲಾಕ್‌ಡೌನ್‌ನಲ್ಲಿ ಮನೆಗೆ ಪತ್ರಿಕೆ ಬರುವುದು ನಿಂತಾಗ ಇ-ಪೇಪರಿನ ಪಿಡಿಎಫ್ ಬೆಳಗಾಗುತ್ತಲೇ ಗ್ರೂಪ್‌ಗಳಿಗೆ ಬೀಳುತ್ತಿತ್ತು. ದೈನಿಕ್ ಜಾಗರಣ್ ಪತ್ರಿಕೆಯ ಒಡೆತನದ ಸಂಸ್ಥೆ ದೆಹಲಿ ಹೈಕೋರ್ಟಿಗೆ ಹೋಯಿತು. ಅದರ ಇ-ಪೇಪರನ್ನು ಹಂಚುತ್ತಿದ್ದ ಟೆಲಿಗ್ರಾಂ ಚಾನೆಲ್‌ಗಳನ್ನು 48 ಗಂಟೆಗಳಲ್ಲಿ ತೆಗೆಯುವಂತೆ ನ್ಯಾಯಾಲಯ ಆ ವರ್ಷ ಮೇ ತಿಂಗಳಲ್ಲಿ ಆದೇಶಿಸಿತು. ಪತ್ರಿಕೆಯವರ ನೋವು ನ್ಯಾಯವಾದದ್ದೇ. ಆದರೂ ಬೆಳಗಿನ ಆರಕ್ಕೆ ಪಿಡಿಎಫ್ ಬಂತೇ ಎಂದು ಜನ ಫೋನ್ ನೋಡುತ್ತಿದ್ದದ್ದು, ಬಂದದ್ದನ್ನು ಭಾವನಿಗೆ, ಬೀಗರಿಗೆ ಕಳಿಸುತ್ತಿದ್ದದ್ದು ಆ ಹಳೆಯ ಬೆಂಚಿನ ಅಭ್ಯಾಸವೇ ಎಂದು ನನಗೆ ಕಾಣುತ್ತದೆ. ಅದೇ ಸಮಯದಲ್ಲಿ ಜಗತ್ತಿನ ಎಷ್ಟೋ ಪತ್ರಿಕೆಗಳು ಕೊರೊನಾ ಸುದ್ದಿಯ ಬೀಗ ತೆಗೆದಿದ್ದವು. ಜೀವದ ಪ್ರಶ್ನೆ ಬಂದಾಗ ಸುದ್ದಿ ತೆರೆದಿರಬೇಕೆಂದು ಅವೇ ಒಪ್ಪಿಕೊಂಡಂತಾಯಿತು. ರಾಗಿ ಖರೀದಿ ಕೇಂದ್ರ ಎಂದು ಮುಚ್ಚುತ್ತದೆ ಎಂಬುದು, ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂಬುದು ಒಂದು ಊರಿಗೆ ಅಷ್ಟೇ ಜೀವದ ಪ್ರಶ್ನೆ.

ಇಂಥ ಸುದ್ದಿಗೆ ಹಣ ಎಲ್ಲಿಂದ ಬರಬೇಕು? ನಾರ್ವೆಯಲ್ಲಿ 2024ರಲ್ಲಿ ನೂರಕ್ಕೆ 40 ಮಂದಿ ಆನ್‌ಲೈನ್ ಸುದ್ದಿಗೆ ಹಣ ಕೊಡುತ್ತಿದ್ದರು. ಇಡೀ ದೇಶದ ಜನಸಂಖ್ಯೆ 55 ಲಕ್ಷದಷ್ಟು. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿಯವರೇ 4 ಕೋಟಿ 37 ಲಕ್ಷ. ನಾರ್ವೆಯವರ ವರಮಾನದ ಜೊತೆ ನಮ್ಮದನ್ನು ಹೋಲಿಸಲಾಗದು. ಊರ ಪತ್ರಿಕೆಗೆ ಚಂದಾ ಕಟ್ಟುವುದು ಅಲ್ಲಿ ತಲೆಮಾರುಗಳ ರೂಢಿ. ಅಲ್ಲಿನ ಸರ್ಕಾರ ಮುದ್ರಿತ ಪತ್ರಿಕೆಗೆ ಕೊಟ್ಟಿದ್ದ ವ್ಯಾಟ್ ವಿನಾಯಿತಿಯನ್ನು 2016ರಲ್ಲಿ ಡಿಜಿಟಲ್ ಸುದ್ದಿಗೂ ವಿಸ್ತರಿಸಿತು. ಆದರೂ ಚಿಕ್ಕ ಭಾಷೆಯ ಜನ ತಮ್ಮ ನುಡಿಯ ಸುದ್ದಿಗೆ ದುಡ್ಡು ಬಿಚ್ಚುತ್ತಾರೆ ಎಂಬ ಮಾತು ನನ್ನ ತಲೆಯಿಂದ ಹೋಗಿಲ್ಲ. ಹೊರನಾಡಿನಲ್ಲಿ, ಹೊರದೇಶದಲ್ಲಿ ದುಡಿಯುವ ಲಕ್ಷಾಂತರ ಕನ್ನಡಿಗರಲ್ಲಿ ಕೆಲವರಾದರೂ ತಮ್ಮ ತಾಲ್ಲೂಕಿನ ವರದಿಗಾರನ ಪೆಟ್ರೋಲಿಗೆ ಕೊಡಬಲ್ಲರು. ‘ದಿ ಗಾರ್ಡಿಯನ್’ ಗೋಡೆ ಕಟ್ಟದೆ, ಕೊಡಬಲ್ಲವರು ಕೊಡಿ ಎಂದು ಕೇಳಿತು. 2018ರ ಹೊತ್ತಿಗೆ ಹತ್ತು ಲಕ್ಷ ಜನ ಕೊಟ್ಟಿದ್ದರು. ಅದರ ಬೆನ್ನಿಗೆ, ಅದರ ಒಡೆತನ ಹೊಂದಿದ್ದ ಸ್ಕಾಟ್ ಟ್ರಸ್ಟ್ ಇತ್ತೆಂಬುದೂ ನಿಜವೇ.

ಗೋಡೆ ಕಟ್ಟಲೇಬೇಕಾದರೆ ಅದರಲ್ಲೊಂದು ಕಿಟಕಿ ಇರಲಿ ಎಂದು ನಾನು ಕೇಳುತ್ತೇನೆ. ನ್ಯೂಯಾರ್ಕ್ ಟೈಮ್ಸ್ ಚಂದಾದಾರ ತಿಂಗಳಿಗೆ ಹತ್ತು ಲೇಖನಗಳನ್ನು ಚಂದಾದಾರರಲ್ಲದವರಿಗೆ ಉಡುಗೊರೆಯಾಗಿ ಕಳಿಸಬಹುದು. ಹೋಟೆಲಿನ ಬೆಂಚಿಗೆ ಇದಕ್ಕಿಂತ ಹತ್ತಿರ ಬಂದ ಇನ್ನೊಂದು ಉಪಾಯವನ್ನು ನಾನು ಕಂಡಿಲ್ಲ. ಅಮೆರಿಕದ ಹಲವು ಊರುಗಳಲ್ಲಿ ಸಾರ್ವಜನಿಕ ಗ್ರಂಥಾಲಯದ ಕಾರ್ಡಿದ್ದರೆ ಮನೆಯಲ್ಲೇ ಕೂತು ಆ ಪತ್ರಿಕೆ ಓದಬಹುದು, ಹಣ ಗ್ರಂಥಾಲಯ ಕಟ್ಟುತ್ತದೆ. ನಮ್ಮಲ್ಲಿ ಸಂಶೋಧನಾ ನಿಯತಕಾಲಿಕಗಳಿಗೆಂದು ಕೇಂದ್ರ ಸರ್ಕಾರ 2024ರ ನವೆಂಬರ್‌ನಲ್ಲಿ ‘ಒಂದು ದೇಶ, ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಸುಮಾರು 13,000 ನಿಯತಕಾಲಿಕಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ತೆರೆದವು. ವಿಜ್ಞಾನಕ್ಕೆ ಸಾಧ್ಯವಾದದ್ದು ಸುದ್ದಿಗೆ ಯಾಕಾಗಬಾರದು? ಕರ್ನಾಟಕದಲ್ಲಿ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ನಾವು ಕಟ್ಟುತ್ತೇವೆ. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ಎಷ್ಟೋ ಕಡೆ ಕಂಪ್ಯೂಟರೂ ಬಂದಿದೆ. ಆ ಕಂಪ್ಯೂಟರಿನಲ್ಲಿ ಬೀಗವಿಲ್ಲದೆ ಹತ್ತು ಪತ್ರಿಕೆ ತೆರೆಯುವಂತಾದರೆ, ಸಂಪಾದಕೀಯದ ಮೇಲೆ ಸರ್ಕಾರದ ನೆರಳು ಬೀಳದಂತೆ ಗ್ರಂಥಾಲಯದ ಲೆಕ್ಕದಲ್ಲೇ ಚಂದಾ ಹೋದರೆ, ಹಳ್ಳಿಯ ಓದುಗನಿಗೂ ಪತ್ರಿಕೆಗೂ ಒಳ್ಳೆಯದು.

ಕಳೆದ ವರ್ಷ ಧಾರವಾಡದ ಸಪ್ತಾಪುರದಲ್ಲಿ ಪರಿಚಯದವರ ಮಗನ ಕೋಣೆಗೆ ಹೋಗಿದ್ದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಐವರು ಹುಡುಗರು, ಎರಡು ಮಂಚ, ಗೋಡೆ ತುಂಬ ಭೂಪಟ. ಐವರೂ ಸೇರಿ ಇಂಗ್ಲಿಷ್ ಪತ್ರಿಕೆಯೊಂದರ ಡಿಜಿಟಲ್ ಚಂದಾ ಕಟ್ಟಿದ್ದರು. ಒಬ್ಬನ ಫೋನಿನಲ್ಲಿ ತೆರೆದರೆ ಇನ್ನೊಬ್ಬನ ಫೋನಿನಲ್ಲಿ ಮುಚ್ಚಿಕೊಳ್ಳುತ್ತಿತ್ತು. ಹಾಗಾಗಿ ಚಂದಾ ಇದ್ದ ಫೋನನ್ನೇ ಕಿಟಕಿಯ ಕಟ್ಟೆಯ ಮೇಲೆ ಚಾರ್ಜಿಗೆ ಹಾಕಿ ಇಟ್ಟಿದ್ದರು. ಅದರ ಮುಂದೆ ಒಬ್ಬ ನೆಲದ ಮೇಲೆ ಕೂತು ನೋಟ್ಸ್ ಬರೆದುಕೊಳ್ಳುತ್ತಿದ್ದ. ಬಾಗಿಲಲ್ಲಿ ಚಹಾ ಲೋಟ ಹಿಡಿದು ನಿಂತಿದ್ದ ಹುಡುಗನನ್ನು, ನೀನು ಓದಿದೆಯಾ ಎಂದು ಕೇಳಿದೆ.

‘ಅಂವಾ ಎಡಿಟೋರಿಯಲ್ ಓದಾಕತ್ತಾನ್ರಿ ಸರ್, ಮುಗಿದ ಮ್ಯಾಲೆ ನನ್ನ ಪಾಳಿ’ ಎಂದ.